ಶಾರದಾ, ಕಾರ್ತಿಕನ ವಿಷಯಕ್ಕೆ: ಹುಡುಗಿಗೆ ಎತ್ತರದ ಜಾಗ ಅಂದರೆ ಆಗುತ್ತಾ, ಯಾರಾದರೂ ಕೇಳಿದ್ದೀರಾ?

ಶಾರದಾ, ನಿನ್ನ ಮೆಸೇಜು ಬೆಳಿಗ್ಗೆ ಕಾಫಿ ಕುಡಿಯುವಾಗಲೇ ನೋಡಿದೆ. ನನಗೆ ಟೈಪ್ ಮಾಡೋಕೆ ಆಗಲ್ಲ, ಮೊಮ್ಮಗಳು ಮೈಕ್ ಒತ್ತಿ ಕೊಟ್ಟು ಸ್ಕೂಲಿಗೆ ಹೋದಳು, ನಾನು ಹೇಳಿದ್ದನ್ನು ಇದೇ ಬರೆದುಕೊಳ್ಳುತ್ತಂತೆ. ಉದ್ದ ಆಯ್ತು ಅಂತ ಯಾರೂ ಗೊಣಗಬೇಡಿ.

ಕಾರ್ತಿಕ ಜೂನ್‌ನಲ್ಲಿ ಆ ಹುಡುಗಿಯನ್ನು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮೇಲೆ ಕರೆದುಕೊಂಡು ಹೋಗಿ, ಅವಳಿಗೆ ಸುಳಿವೇ ಕೊಡದೆ ಮಂಡಿಯೂರಿ, ಉಂಗುರ ತೋರಿಸಿ, ಮದುವೆ ಆಗ್ತೀಯಾ ಅಂತ ಕೇಳುತ್ತಾನಂತೆ. ಯಾರೋ ಮರೆಯಲ್ಲಿ ನಿಂತು ಫೋಟೋ ತೆಗೆಯುತ್ತಾರಂತೆ. ಅಷ್ಟು ಎತ್ತರದಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ, ಹುಡುಗಿ ಎಲ್ಲರೆದುರು ಬೇಡ ಅಂದುಬಿಟ್ಟರೆ ಏನಣ್ಣಾ ಗತಿ ಅಂತ ನೀನು ಕೇಳಿದ್ದೀಯ. ಬೇಡ ಅನ್ನಲ್ಲ ಬಿಡು. ಅವರಿಬ್ಬರೂ ಒಪ್ಪಿಕೊಂಡು ಎಷ್ಟು ದಿನ ಆಯ್ತೋ ಏನೋ, ಗೊತ್ತಿಲ್ಲದವರು ನಾವೇ. ನನ್ನ ಚಿಂತೆ ಬೇರೆ. ಆ ಮಗುವಿಗೆ ಎತ್ತರ ಅಂದರೆ ಆಗುತ್ತೋ ಇಲ್ಲವೋ? ಅದನ್ನು ತಿಳಿದುಕೊಳ್ಳದೆ ಮೇಲಕ್ಕೆ ಕರೆದುಕೊಂಡು ಹೋಗಬೇಡ ಅಂತ ನಿನ್ನ ಮಗನಿಗೆ ಹೇಳು. ಯಾಕೆ ಹೇಳುತ್ತಿದ್ದೇನೆ ಅಂದರೆ ನಮ್ಮ ವಿಮಲನ ಕಥೆ.

ನಿಮಗೆಲ್ಲ ಗೊತ್ತಿರೋದೇ. ಆದರೂ ಚಿಕ್ಕವರು ಇದ್ದಾರಲ್ಲ ಗ್ರೂಪಲ್ಲಿ, ಕೇಳಲಿ. 1984. ನನ್ನ ತಮ್ಮ ರಾಜುಗೆ ವಿಮಲನ ಜೊತೆ ಮದುವೆ ಮಾತು ಮುಗಿದಿತ್ತು, ವೀಳ್ಯಶಾಸ್ತ್ರ ಆಗೋದಿತ್ತು. ಅವಳು ಬೆಂಗಳೂರಲ್ಲಿ ಅವರಣ್ಣನ ಮನೆಯಲ್ಲಿ ಇದ್ದುಕೊಂಡು ಟೈಪಿಂಗ್ ಕಲಿಯುತ್ತಿದ್ದಳು. ನಮ್ಮ ರಾಜುಗೆ ಆಗಲೇ ಈ ಸರ್ಪ್ರೈಸ್ ಹುಚ್ಚು. ಎಂ.ಜಿ. ರೋಡಿನ ಯುಟಿಲಿಟಿ ಬಿಲ್ಡಿಂಗಿನಲ್ಲಿ, ಅದೇ ಇಪ್ಪತ್ತೈದು ಮಹಡಿಯದು, ಮೇಲಿನ ಒಂದು ಆಫೀಸಿನಲ್ಲಿ ಅವನ ಗೆಳೆಯ ಗುಮಾಸ್ತ. ಶನಿವಾರ ಮಧ್ಯಾಹ್ನ ಆಫೀಸು ಖಾಲಿ ಇರುತ್ತೆ, ದೊಡ್ಡ ಕಿಟಕಿ ಇದೆ, ಇಡೀ ಬೆಂಗಳೂರು ಕಾಣುತ್ತೆ, ಅಲ್ಲೇ ಉಂಗುರ ಕೊಡ್ತೀನಿ, ನೀನು ಕ್ಯಾಮೆರಾ ತಗೊಂಡು ಬಾ ಅಣ್ಣ ಅಂದ. ನನ್ನದು ಆಗ ಮೈಸೂರಿನ ಶಿವರಾಂಪೇಟೆಯಲ್ಲಿ ಫೋಟೋ ಸ್ಟುಡಿಯೋ ನಡೆಯುತ್ತಿತ್ತು. ಯಾಷಿಕಾಗೆ ಕಪ್ಪುಬಿಳುಪು ರೋಲು ಹಾಕಿಕೊಂಡು ಬೆಳಗಿನ ರೈಲಿಗೆ ಹೊರಟೆ.

ಹುಡುಗಿಯ ಜೊತೆ ಅವಳ ಚಿಕ್ಕಮ್ಮ ಬಂದಿದ್ದರು. ಲಿಫ್ಟಿನಲ್ಲಿ ಚೆನ್ನಾಗೇ ಬಂದಳು. ಆಫೀಸಿನ ಬಾಗಿಲು ತೆಗೆದರೆ ಎದುರಿಗೇ ಕಿಟಕಿ, ಕೆಳಗೆ ಬಸ್ಸುಗಳು ಬೆಂಕಿಪೊಟ್ಟಣದ ಹಾಗೆ. ಎರಡು ಹೆಜ್ಜೆ ಇಟ್ಟಳು ನೋಡು, ಮುಖ ಬಿಳುಚಿಕೊಂಡಿತು. ಹಾಗೇ ನೆಲಕ್ಕೆ ಕೂತಳು. ಅಲ್ಲೊಂದು ಕಬ್ಬಿಣದ ಬೀರು ಇತ್ತು, ಅದರ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಖ ಆ ಕಡೆ ತಿರುಗಿಸಿ ಅಳೋಕೆ ಶುರು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬೇರೆ. ರಾಜು ಉಂಗುರದ ಡಬ್ಬಿ ತೆಗೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ, ಮುಚ್ಚಬೇಕೋ ಬೇಡವೋ ಗೊತ್ತಾಗದೆ. ಡಬ್ಬಿ ತೆಗೆದ ತಕ್ಷಣ ಒತ್ತು ಅಂತ ಅವನೇ ಹೇಳಿದ್ದ. ಒತ್ತಿದೆ. ಕೆಲಸ ಅದು.

ಅವಳನ್ನು ಕೆಳಗಿಳಿಸೋಕೆ ಪಟ್ಟ ಪಾಡು ಕೇಳಬೇಡ. ಲಿಫ್ಟಿಗೆ ಬರಲ್ಲ ಅಂದಳು. ಚಿಕ್ಕಮ್ಮ ಸೆರಗಿನಿಂದ ಕಣ್ಣು ಮುಚ್ಚಿ ಮೆಟ್ಟಿಲಲ್ಲಿ ಇಳಿಸಿದರು, ಒಂದೊಂದು ಮಹಡಿಗೂ ಕೂತು ಕೂತು.

ಮುಗೀತಾ? ಇಲ್ಲ. ರೋಲು ತೊಳೆದು ಪ್ರಿಂಟು ಹಾಕಿದ ಮೇಲೆ ರಾಜು ಏನು ಮಾಡಿದ ಗೊತ್ತಾ, ಕಬ್ಬನ್ ಪಾರ್ಕಿನ ಫೋಟೋಗಳ ಜೊತೆ ಅದೂ ಒಂದು ಇದ್ದದ್ದನ್ನು ನೋಡದೆ ಕವರಿಗೆ ಹಾಕಿ ಮದ್ದೂರಿಗೆ, ಹುಡುಗಿ ಮನೆಗೆ ಪೋಸ್ಟ್ ಮಾಡಿದ. ಅವಳ ಅಜ್ಜಿ ನೋಡಿದರು. ಫೋಟೋದಲ್ಲಿ ಏನಿದೆ? ಹುಡುಗಿ ಅಳುತ್ತಿದ್ದಾಳೆ, ಮುಖ ತಿರುಗಿಸಿದ್ದಾಳೆ, ಹುಡುಗ ಉಂಗುರ ಹಿಡಿದುಕೊಂಡು ಅಂಗಲಾಚುತ್ತಿದ್ದಾನೆ. ಎತ್ತರ ಫೋಟೋದಲ್ಲಿ ಕಾಣಲ್ಲ, ಕಿಟಕಿ ಬೆಳ್ಳಗೆ ಸುಟ್ಟುಹೋಗಿತ್ತು. ಮಗುಗೆ ಇಷ್ಟ ಇಲ್ಲ, ಬಲವಂತ ಮಾಡ್ತಾವ್ರೆ ಅಂತ ಅಜ್ಜಿ ಊರೆಲ್ಲ ಎಬ್ಬಿಸಿದರು. ಮಾರನೇ ದಿನ ಜೀಪಿನಲ್ಲಿ ಆರು ಜನ ನಮ್ಮ ಮನೆ ಬಾಗಿಲಿಗೆ. ಅಪ್ಪ ಪಂಚೆ ಕಟ್ಟಿಕೊಳ್ಳೋಕೂ ಪುರುಸೊತ್ತು ಕೊಡಲಿಲ್ಲ. ಕೊನೆಗೆ ವಿಮಲಳನ್ನೇ ಕರೆಸಿ ಕೇಳಿದ ಮೇಲೆ ಅವಳು, ನನಗೆ ಅಟ್ಟದ ಏಣಿ ಹತ್ತೋಕೂ ಭಯ ಅಜ್ಜಿ, ನಿಮಗೆ ಗೊತ್ತಿಲ್ವಾ ಅಂದಳು. ಅಜ್ಜಿಗೆ ಗೊತ್ತಿತ್ತು. ರಾಜುಗೆ ಗೊತ್ತಿರಲಿಲ್ಲ, ಅವನು ಕೇಳಿರಲೇ ಇಲ್ಲ. ಈಗಲೂ ನೋಡಿ, ವಿಮಲ ಹಪ್ಪಳ ಒಣಗಿಸೋಕೆ ತಾರಸಿಗೆ ಹೋದರೆ ನಟ್ಟ ನಡುವೆ ಹರಡಿ ಬರುತ್ತಾಳೆ, ಅಂಚಿಗೆ ಕಾಲಿಡಲ್ಲ.

ಅದು ಇಪ್ಪತ್ತೈದು ಮಹಡಿ. ಇದು ಎಂಬತ್ತಾರನೇ ಮಹಡಿ ಕಣಮ್ಮ. 1050 ಅಡಿ. ಮೈಸೂರಿನ ನೆಲದಿಂದ ಚಾಮುಂಡಿ ಬೆಟ್ಟ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟು. ಬೆಟ್ಟವನ್ನು ಸುತ್ತಿ ಬಳಸಿ ಹತ್ತುತ್ತೇವೆ, ಮೈಗೆ ಒಗ್ಗುತ್ತೆ. ಅಲ್ಲಿ ಲಿಫ್ಟು ಒಂದು ನಿಮಿಷದಲ್ಲಿ ಎಂಬತ್ತು ಮಹಡಿ ಎತ್ತಿಬಿಡುತ್ತೆ, ಕಿವಿ ಟಪ್ ಅನ್ನುತ್ತೆ. ಮಗಳ ಮನೆಗೆ ಹೋದಾಗ ನಾನೇ ಹೋಗಿ ಬಂದಿದ್ದೇನಲ್ಲ. ಮೇಲೆ ಬಯಲು, ಸುತ್ತ ಉಕ್ಕಿನ ಬೇಲಿ ಇದೆ, ಬೀಳೋ ಭಯ ಇಲ್ಲ. ಗಾಳಿ ಮಾತ್ರ ಸೀರೆ ಸೆರಗನ್ನೂ ನಿಲ್ಲೋಕೆ ಬಿಡಲ್ಲ. 1931ರಲ್ಲಿ ಬಾಗಿಲು ತೆರೆದ ಕಟ್ಟಡ, ನಮ್ಮ ಕೆಆರ್‌ಎಸ್ ಕೆಲಸ ಮುಗಿಯುತ್ತಾ ಬಂದ ಕಾಲ ಅದು. ಬೇಲಿ ಇದೆ, ಪೊಲೀಸಿನ ಹಾಗೆ ಕಾವಲುಗಾರರಿದ್ದಾರೆ, ಎಲ್ಲ ಸರಿ. ಎತ್ತರ ಆಗದವರಿಗೆ ಬೇಲಿ ಇದ್ದರೂ ಅಷ್ಟೇ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕೇಳಿಸಿಕೊ: ಆ ಹುಡುಗಿಗೆ ಎತ್ತರ ಆಗುತ್ತಾ ಅಂತ ಮೊದಲು ತಿಳಿದುಕೊಳ್ಳಲಿ. ಉಂಗುರದ ವಿಷಯ ಗುಟ್ಟಾಗಿರಲಿ, ಜಾಗದ ವಿಷಯ ಗುಟ್ಟು ಬೇಡ. ಸುಮ್ನೆ ಬಾಯಿಮಾತಿಗೆ, ರೋಲರ್ ಕೋಸ್ಟರ್ ಹತ್ತಿದ್ದೀಯಾ, ಬಾಲ್ಕನಿಯಲ್ಲಿ ನಿಂತು ಕಾಫಿ ಕುಡೀತೀಯಾ ಅಂತ ಕೇಳಿದರೆ ಗೊತ್ತಾಗಲ್ವಾ?

ಇನ್ನು ಆ ಫೋಟೋದವನು. ಯಾರು ಅವನು? ಗುರುತು ಪರಿಚಯ ಇದೆಯಾ? ಈಗಿನ ಫೋಟೋದವರನ್ನು ಕಂಡರೆ ನನಗೆ ಮೈ ಉರಿಯುತ್ತೆ, ಹೇಳಿಬಿಡುತ್ತೇನೆ ಇವತ್ತು. ನಾಗರತ್ನನ ಮಗಳ ಮದುವೆಯಲ್ಲಿ ಆಗಿದ್ದು ಯಾರೂ ಮಾತಾಡಲಿಲ್ಲ. ಹುಡುಗಿಯನ್ನು ಮಂಟಪಕ್ಕೆ ಕರೆದುಕೊಂಡು ಬರಬೇಕಾದ ಸೋದರಮಾವ ನಾನು. ಕೈ ಹಿಡಿದುಕೊಂಡು ಬರುತ್ತಿದ್ದೇನೆ, ಕಪ್ಪು ಟೀ ಶರ್ಟಿನ ಒಬ್ಬ ಹುಡುಗ ಅಡ್ಡ ಬಂದು, ಅಂಕಲ್, ಫ್ರೇಮಲ್ಲಿ ಬರ್ತಾ ಇದ್ದೀರಿ, ಸ್ವಲ್ಪ ಪಕ್ಕಕ್ಕೆ ಹೋಗಿ ಅಂದ. ನಾನು! ಶಿವರಾಂಪೇಟೆಯಲ್ಲಿ ಮೈಸೂರಿನ ಅರ್ಧ ಮದುವೆ ತೆಗೆದವನು! ಧಾರೆ ಎರೆಯುವಾಗ ನಾಲ್ಕು ಜನ ಮಂಟಪದ ಮುಂದೆ ನಿಂತುಬಿಟ್ಟರು, ನಮಗೆ ಕಂಡದ್ದು ಅವರ ಬೆನ್ನು, ಕೆಳಗೆ ಬಗ್ಗಿದವನ ಪ್ಯಾಂಟು. ಜೀರಿಗೆ ಬೆಲ್ಲ ಇಟ್ಟು ಮುಗಿದ ಮೇಲೆ ಪುರೋಹಿತರಿಗೇ ಹೇಳುತ್ತಾನೆ, ಸಾರ್, ಇನ್ನೊಂದು ಸಲ ಮಾಡಿಸಿ, ಸ್ಲೋ ಮೋಷನ್ ಬೇಕು ಅಂತ. ಮುಹೂರ್ತಕ್ಕೂ ಸ್ಲೋ ಮೋಷನ್ನಾ? ಪುರೋಹಿತರೂ ಮಾಡಿಸಿದರು, ಅದು ಇನ್ನೊಂದು ದುಃಖ. ಆಲ್ಬಂ ಕೇಳಿದರೆ ಲಿಂಕ್ ಕಳಿಸಿದ್ದೀವಿ ಅಂದರು. ಮೊಮ್ಮಗಳ ಕೈಲಿ ತೆಗೆಸಿದರೆ ಅವಧಿ ಮುಗಿದಿದೆ ಅಂತ ಬಂತು. ನಾಗರತ್ನನ ಫೋನಲ್ಲಿ ನೋಡಿದೆ, ಅಷ್ಟು ಫೋಟೋದಲ್ಲಿ ನನ್ನದು ಒಂದೇ ಒಂದು, ಅದರಲ್ಲೂ ಮೊಣಕೈ ಮಾತ್ರ. ನಾಗರತ್ನ, ನೀನು ಬೇಜಾರು ಮಾಡಿಕೊಳ್ಳಬೇಡ, ನಿನ್ನ ತಪ್ಪು ಅಂತ ಹೇಳುತ್ತಿಲ್ಲ. ಆದರೆ ಒಂದು ಪ್ರಿಂಟು ಹಾಕಿಸಿ ಕೊಡಬಹುದಿತ್ತು.

ಏನು ಹೇಳೋಕೆ ಹೊರಟೆ? ಹಾಂ, ಉಂಗುರ. ಮುಖ್ಯವಾದದ್ದೇ ಮರೆತಿದ್ದೆ. ಕಾರ್ತಿಕಾ, ನೀನೂ ಗ್ರೂಪಲ್ಲಿ ಇದ್ದೀಯಲ್ಲ, ಮಾವನ ಮಾತು ಕೇಳು. ಮೇಲೆ ಹೋಗೋಕೆ ಮುಂಚೆ ವಿಮಾನ ನಿಲ್ದಾಣದ ಹಾಗೇ ತಪಾಸಣೆ. ಜೇಬಿನಲ್ಲಿರೋದನ್ನೆಲ್ಲ ಟ್ರೇಗೆ ಹಾಕಿಸುತ್ತಾರೆ. ನನ್ನ ಅಡಿಕೆಪುಡಿ ಡಬ್ಬಿ ತೆಗೆಸಿ, ಮುಚ್ಚಳ ಬಿಚ್ಚಿಸಿ, ಮೂಸಿ ನೋಡಿ ಕೊಟ್ಟರು. ನೀನು ಉಂಗುರದ ಡಬ್ಬಿ ಇಟ್ಟುಕೊಂಡು ಅವಳ ಪಕ್ಕದಲ್ಲೇ ನಿಂತಿದ್ದರೆ ನಿನ್ನ ಸರ್ಪ್ರೈಸು ಕೆಳಗಿನ ಮಹಡಿಯಲ್ಲೇ ಮುಗೀತು. ಫೋಟೋ ತೆಗೆಯೋಕೆ ಗುರುತಿರುವ ಗೆಳೆಯನನ್ನೇ ಕರೆದುಕೊ, ಉಂಗುರ ಅವನ ಹತ್ತಿರ ಕೊಡು. ಅವನು ನಿಮಗಿಂತ ಅರ್ಧ ಗಂಟೆ ಮುಂಚಿನ ಹೊತ್ತಿನ ಟಿಕೆಟ್ ತಗೊಂಡು ಮೇಲೆ ಹೋಗಲಿ. ಮೂರು ಕಾಲಿನ ಸ್ಟ್ಯಾಂಡು ಬಿಡಲ್ಲ, ಕೈಯಲ್ಲೇ ತೆಗೆಯಬೇಕು. ಪ್ರೊಪೋಸಲ್‌ಗೆ ಅಂತಲೇ ಅಲ್ಲಿನವರು ಏರ್ಪಾಡು ಮಾಡಿಕೊಡುತ್ತಾರೆ, ಬೇಕಾದರೆ ಬರೆದು ಕೇಳು.

ಹೊತ್ತು ನೋಡಿಕೊ. ನಮ್ಮ ಹಾಗೆ ಅಲ್ಲಿ ವರ್ಷವಿಡೀ ಆರೂವರೆ ಆಸುಪಾಸು ಕತ್ತಲಾಗಲ್ಲ. ಜೂನ್‌ನಲ್ಲಿ ರಾತ್ರಿ ಎಂಟೂವರೆಗೆ ಸೂರ್ಯ ಮುಳುಗೋದು, ಡಿಸೆಂಬರಿನಲ್ಲಿ ನಾಲ್ಕೂವರೆಗೇ. ಮುಳುಗೋಕೆ ಮುಂಚಿನ ಅರ್ಧ ಗಂಟೆಯ ಬೆಳಕು ಚಿನ್ನ. ಆದರೆ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಇಬ್ಬರ ಮುಖವೂ ಕಪ್ಪಾಗುತ್ತೆ, ಮುಖ ಸರಿ ಮಾಡೋಕೆ ಹೋದರೆ ಹಿಂದಿನದೆಲ್ಲ ಬೆಳ್ಳಗೆ ಸುಟ್ಟುಹೋಗುತ್ತೆ, ವಿಮಲನ ಕಿಟಕಿಯಲ್ಲಿ ಆದದ್ದೂ ಅದೇ. ಬೆಳಕು ಪಕ್ಕದಿಂದ ಬೀಳೋ ಹಾಗೆ ನಿಂತುಕೊ. ಗೆಳೆಯನಿಗೆ ಹುಡುಗಿಯ ಮುಖ ಕಾಣಬೇಕು, ನಿನ್ನದು ಕಾಣದಿದ್ದರೂ ನಡೆಯುತ್ತೆ. ಫೋನಾದರೆ ಅವಳ ಮುಖದ ಮೇಲೆ ಬೆರಳಿಟ್ಟು ಬೆಳಕು ಸರಿ ಮಾಡಿಕೊಂಡು, ಒಂದರ ಹಿಂದೆ ಒಂದು ಸಾಲಾಗಿ ತೆಗೆಯಲಿ.

ಇನ್ನೊಂದು. ಎಂಪೈರ್ ಸ್ಟೇಟ್ ಮೇಲೆ ನಿಂತರೆ ಫೋಟೋದಲ್ಲಿ ಎಂಪೈರ್ ಸ್ಟೇಟ್ ಬರಲ್ಲ. ಅದು ಹಿಂದೆ ಕಾಣಬೇಕು ಅಂದರೆ ರಾಕ್‌ಫೆಲ್ಲರ್ ಸೆಂಟರಿನ ಎಪ್ಪತ್ತನೇ ಮಹಡಿಗೆ ಹೋಗಬೇಕು, ಅಲ್ಲಿಯ ಮೇಲಿನ ತಾರಸಿಗೆ ಗಾಜಿನ ಅಡ್ಡವೂ ಇಲ್ಲ. ಗಾಜು ಇರೋ ಕಡೆ ಕ್ಯಾಮೆರಾವನ್ನು ಗಾಜಿಗೆ ಒತ್ತಿ ಹಿಡಿಯಬೇಕು, ಫ್ಲ್ಯಾಷ್ ಹಾಕಲೇಬಾರದು. ಅವಳಿಗೆ ಎತ್ತರ ಆಗಲ್ಲ ಅಂತ ಗೊತ್ತಾದರೆ ಎರಡೂ ಬೇಡ, ಬ್ರೂಕ್ಲಿನ್ ಕಡೆ ನದಿದಂಡೆಯಲ್ಲಿ ನೆಲದ ಮೇಲೆ ನಿಂತುಕೊಳ್ಳಿ, ಮ್ಯಾನ್‌ಹಟನ್ ಗೋಪುರಗಳೆಲ್ಲ ಹಿಂದೆ ತಾವಾಗೇ ಬರುತ್ತವೆ. ನನ್ನನ್ನು ಕೇಳಿದರೆ ಫೋಟೋಗೆ ಅದೇ ಚಂದ.

ಅವಳು ಹೂಂ ಅಂದಾಗ ನಮಗೆ ಬೆಳಿಗ್ಗೆ ಆರು ಗಂಟೆ ಆಗಿರುತ್ತೆ, ಎಲ್ಲರೂ ಎದ್ದಿರುತ್ತೇವೆ. ಫೋಟೋ ಈ ಗ್ರೂಪಿಗೂ ಬೇಡ, ಸ್ಟೇಟಸ್ಸಿಗೂ ಬೇಡ. ಮೊದಲು ಅವಳ ಕೈಲೇ ಮಂಡ್ಯಕ್ಕೆ ಫೋನ್ ಮಾಡಿಸು, ಅವರಪ್ಪ ಅಮ್ಮನ ಹತ್ತಿರ ಅವಳೇ ಮಾತಾಡಲಿ. ಶಾರದಾ, ಆಮೇಲೆ ನೀನೂ ಭಾವನವರೂ ಅದೇ ದಿನ ಹೂವು ಹಣ್ಣು ತಗೊಂಡು ಅವರ ಮನೆಗೆ ಹೋಗಿ ಬನ್ನಿ. ಕಾರು ನಾನು ಕಳಿಸುತ್ತೇನೆ, ಡ್ರೈವರಿಗೆ ಹಿಂದಿನ ದಿನವೇ ಹೇಳಬೇಕು, ತಾರೀಕು ಗೊತ್ತಾದ ಕೂಡಲೇ ತಿಳಿಸು.