ಎಕ್ಸ್‌ರೇಯಲ್ಲಿ ‘ಸವೆದಿದೆ’ ಅಂದರೆ ನಡೆಯೋದು ಬಿಡಬೇಕಾ? – ಮಂಡಿ ನೋವಿನ ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ ಮೇಡಂ. ಅಮ್ಮನಿಗೆ 63 ವರ್ಷ. ಎರಡೂ ಮಂಡಿ ನೋವು, ಬಲಗಡೆ ಜಾಸ್ತಿ. ಬೆಳಗ್ಗೆ ಎದ್ದಾಗ ಹತ್ತು ನಿಮಿಷ ಬಿಗಿಯಾಗಿರುತ್ತದೆ, ಆಮೇಲೆ ಸಡಿಲವಾಗುತ್ತದೆ. ಬಗ್ಗಿಸಿದರೆ ಕಟಕಟ ಸದ್ದು. ಎಕ್ಸ್‌ರೇ ನೋಡಿ ‘ಸವೆದಿದೆ’ ಅಂದರು. ಅವತ್ತಿನಿಂದ ಅಮ್ಮ ಮನೆಯಿಂದ ಇಳಿದೇ ಇಲ್ಲ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ನಡೆದರೆ ಇನ್ನೂ ಸವೆಯುತ್ತದೆ ಅಂತ ಅವರಿಗೆ ಭಯ.

ಉತ್ತರ (ಫಿಸಿಯೋಥೆರಪಿಸ್ಟ್): ಅಮ್ಮನಿಗೆ ಮೊದಲು ಇದನ್ನು ಹೇಳಿ: ಮಂಡಿ ಚಪ್ಪಲಿಯ ಅಟ್ಟೆ ಅಲ್ಲ, ನಡೆದಷ್ಟೂ ತೇಯುತ್ತಾ ಹೋಗೋದಕ್ಕೆ. ಮೂಳೆಯ ತುದಿಯಲ್ಲಿರುವ ಕಾರ್ಟಿಲೇಜ್ ಅನ್ನೋ ನುಣುಪು ಪದರಕ್ಕೆ ರಕ್ತನಾಳ ಇಲ್ಲ. ಕಾಲು ಆಡಿಸಿದಾಗ ಒತ್ತಡ ಬೀಳುತ್ತದೆ, ಬಿಡುತ್ತದೆ. ಆಗ ಕೀಲಿನ ದ್ರವ ಒಳಗೆ ಹೊರಗೆ ಓಡಾಡುತ್ತದೆ. ಅದೇ ಅದರ ಊಟ. ಸುಮ್ನೆ ಕೂತರೆ ಆ ಊಟಾನೂ ಇಲ್ಲ, ತೊಡೆಯ ಸ್ನಾಯುವೂ ಸೊರಗುತ್ತದೆ. ತೊಡೆ ಸೊರಗಿದರೆ ಭಾರವೆಲ್ಲ ಮಂಡಿಗೇ. ನನ್ನ ಹತ್ತಿರ ಬರುವ ಎಷ್ಟೋ ತಾಯಂದಿರಿಗೆ ಸವೆತಕ್ಕಿಂತ ಆ ಮಾತು ಹುಟ್ಟಿಸಿದ ಭಯವೇ ಹೆಚ್ಚು ತೊಂದರೆ ಕೊಟ್ಟಿದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಎಕ್ಸ್‌ರೇಗೂ ನೋವಿಗೂ ಯಾವಾಗಲೂ ತಾಳೆ ಆಗೋದಿಲ್ಲ. ಚಿತ್ರದಲ್ಲಿ ತುಂಬಾ ಸವೆದ ಕೆಲವರು ಆರಾಮಾಗಿ ಓಡಾಡುತ್ತಾರೆ. ನೋವು, ಊತ ಇಲ್ಲದ ಕಟಕಟ ಸದ್ದಿಗೆ ಹೆದರಬೇಡಿ. ಅರ್ಧ ಗಂಟೆಯೊಳಗೆ ಬಿಗಿ ಬಿಡುವುದು ಸವೆತದ ಸಂಧಿವಾತದ (ಆಸ್ಟಿಯೋಆರ್ಥ್ರೈಟಿಸ್) ಲಕ್ಷಣ. ಗಂಟೆಗಟ್ಟಲೆ ಬಿಗಿ, ಜೊತೆಗೆ ಕೈಬೆರಳ ಗೆಣ್ಣುಗಳೂ ಊದಿಕೊಂಡರೆ ಅದು ಬೇರೆ. ಆಗ ರುಮಟಾಯ್ಡ್ (ದೇಹದ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಸಂಧಿವಾತ) ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕು.

ಇವತ್ತೇ ಶುರು ಮಾಡಿ. ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಲಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಒಂದು ವಾರದ ಮೇಲೆ ಕುರ್ಚಿಯಿಂದ ಎದ್ದು ಕೂರುವುದು. ಮೊದಮೊದಲು ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನಕ್ಕೂ ಜಾಸ್ತಿಯೇ ಇದ್ದರೆ ಲೆಕ್ಕ ಕಡಿಮೆ ಮಾಡಿ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಈಳಿಗೆ ಮಣೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂರೋದು ಸದ್ಯಕ್ಕೆ ಬೇಡ, ತರಕಾರಿ ಮೇಜಿನ ಮೇಲೇ ಹೆಚ್ಚಲಿ.

ಪ್ರಶ್ನೆ (ಮಾಟುಂಗಾದಿಂದ): ಮೇಡಂ, ನಾನು ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುವವನು. ಮೊನ್ನೆ ಊರಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದೆ. ಎಡಗಾಲಿನ ಮೀನಖಂಡ ಊದಿಕೊಂಡಿದೆ, ಮುಟ್ಟಿದರೆ ಬಿಸಿ. ಎಣ್ಣೆ ಹಚ್ಚಿ ತಿಕ್ಕು ಅಂತಾರೆ ಜೊತೆಯವರು.

ಉತ್ತರ: ತಿಕ್ಕಬೇಡಿ ಅಣ್ಣಾ! ಇವತ್ತೇ ಆಸ್ಪತ್ರೆಗೆ ಹೋಗಿ. ನಿಮಗೆ ಸಾಯನ್ ಆಸ್ಪತ್ರೆ ಹತ್ತಿರ ಅಲ್ವಾ. ಒಂದೇ ಕಾಲು ಹೀಗೆ ಊದಿದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮಂಡಿ ಹಿಂದಿನ ನೀರುಗುಳ್ಳೆ ಒಡೆದರೂ ಹೀಗೇ ಕಾಣುತ್ತದೆ. ಕಾಲಿನ ಡಾಪ್ಲರ್ ಸ್ಕ್ಯಾನ್ (ರಕ್ತ ಹರಿಯೋದನ್ನು ನೋಡುವ ಸ್ಕ್ಯಾನ್) ಮಾಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೋಗಿ ಬಂದು ಇಲ್ಲಿ ತಿಳಿಸಿ, ಕಾಯ್ತಾ ಇರುತ್ತೇನೆ.

ಪ್ರಶ್ನೆ (ಮುಲುಂಡ್‌ನಿಂದ): ಚಿಕೂನ್‌ಗುನ್ಯಾ ಬಂದು ಎರಡು ತಿಂಗಳಾಯಿತು. ಜ್ವರ ಹೋದರೂ ಮಂಡಿ, ಹಿಮ್ಮಡಿ ಗಂಟು ನೋವು ಹೋಗಿಲ್ಲ.

ಉತ್ತರ: ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ, ಕಿಡ್ನಿಗೆ ಕಷ್ಟ. ಮೂರು ತಿಂಗಳು ದಾಟಿದರೆ ರುಮಟಾಲಜಿಸ್ಟ್‌ಗೆ (ಸಂಧಿವಾತದ ತಜ್ಞ ವೈದ್ಯರಿಗೆ) ತೋರಿಸಿ.

ಪ್ರಶ್ನೆ (ಡೊಂಬಿವಲಿಯಿಂದ ಮತ್ತೆ): ಮೇಡಂ, ನಿಮ್ಮ ಉತ್ತರ ಅಮ್ಮನಿಗೆ ಓದಿ ಹೇಳಿದೆ. ಟವೆಲ್ ವ್ಯಾಯಾಮ ಮಾಡಿದರು. ಮೆಟ್ಟಿಲು ಇಳಿಯೋದು ಹೇಗೆ ಅಂತ ಕೇಳ್ತಿದ್ದಾರೆ. ಕೋಲು ತಂದುಕೊಡಲಾ?

ಉತ್ತರ: ತುಂಬಾ ಖುಷಿಯಾಯಿತು! ಕೋಲು ತನ್ನಿ. ನೋವು ಬಲಗಡೆ ಜಾಸ್ತಿ ಅಲ್ವಾ, ಹಾಗಾದರೆ ಕೋಲು ಎಡಗೈಯಲ್ಲಿ. ಎಲ್ಲರೂ ನೋವಿರುವ ಕಡೆಗೇ ಹಿಡಿಯುತ್ತಾರೆ, ಅದು ತಪ್ಪು. ಮೆಟ್ಟಿಲಲ್ಲಿ ಒಂದು ಕೈ ಕಟಕಟೆ ಮೇಲಿರಲಿ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಪ್ರತಿ ಮೆಟ್ಟಿಲಿನಲ್ಲೂ ಎರಡು ಕಾಲು ಜೋಡಿಸಿಯೇ ಮುಂದಕ್ಕೆ. ಮೊದಲ ದಿನ ಒಂದು ಮಹಡಿ ಸಾಕು. ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಇರಿ.