ಸಹಾಯ ಬೇಕು: ಈಸ್ಟರ್ ರಾಸ್‌ನ ಪಿಕ್ಟಿಶ್ ಕಲ್ಲುಗಳನ್ನು ಕಾರಿಲ್ಲದೆ ನೋಡೋದು ಹೇಗೆ?

ನಮಸ್ಕಾರ. ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮುಂದಿನ ತಿಂಗಳು ಇನ್ವರ್ನೆಸ್‌ನಲ್ಲಿ ಎರಡು ದಿನ ಇರ್ತೀನಿ. ಅಲ್ಲಿಂದ ಉತ್ತರಕ್ಕಿರುವ ಈಸ್ಟರ್ ರಾಸ್ ಪ್ರದೇಶದಲ್ಲಿ, ಸಾವಿರ ವರ್ಷಕ್ಕೂ ಹಿಂದೆ ಉತ್ತರ ಸ್ಕಾಟ್ಲೆಂಡಿನಲ್ಲಿದ್ದ ಪಿಕ್ಟ್ ಜನ ಕೆತ್ತಿದ ಕಲ್ಲುಗಳನ್ನು ನೋಡಬೇಕು. ಕಾರು ಓಡಿಸಲು ಬರೋಲ್ಲ.

ಹಿಲ್ಟನ್ ಆಫ್ ಕ್ಯಾಡ್‌ಬಾಲ್ ಕಲ್ಲನ್ನು ಎಡಿನ್‌ಬರೋ ಮ್ಯೂಸಿಯಂನಲ್ಲಿ ನೋಡಿದಾಗಿನಿಂದ ಹುಚ್ಚು ಹಿಡಿದಿದೆ. ಬೇಟೆಯ ದೃಶ್ಯದ ನಡುವೆ ಕುದುರೆ ಮೇಲೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತ ಹೆಂಗಸು! ನಮ್ಮ ವೀರಗಲ್ಲುಗಳೇ ನೆನಪಾದವು, ಸಂಬಂಧವೇನೂ ಇಲ್ಲ ಬಿಡಿ. ಹಿಂಬದಿಯ ಕೆತ್ತನೆಯನ್ನು ಕೆತ್ತಿ ತೆಗೆದು, ಯಾರೋ 1676ರಲ್ಲಿ ಅದನ್ನೇ ಸಮಾಧಿಗಲ್ಲು ಮಾಡಿಕೊಂಡಿದ್ದಾರೆ, ಹೊಟ್ಟೆ ಉರಿಯುತ್ತೆ. 1921ರಲ್ಲಿ ಲಂಡನ್ನಿಗೆ ಹೋಗಿ, ಜನ ಗಲಾಟೆ ಮಾಡಿದ ಮೇಲೆ ವಾಪಸ್ ಬಂತಂತೆ.

ಆ ಕಲ್ಲಿನ ಮೂಲ ಊರು ಹಿಲ್ಟನ್‌ನಲ್ಲಿ ಈಗಿರೋದು ಪ್ರತಿಕೃತಿ. ಆದರೆ ಪಕ್ಕದ ಶ್ಯಾಂಡ್‌ವಿಕ್ ಕಲ್ಲು ಅಲ್ಲೇ, ಗಾಜಿನ ಪೆಟ್ಟಿಗೆಯೊಳಗೆ ನಿಂತಿದೆ. ನಿಗ್ ಕಲ್ಲು ಹಳೇ ಚರ್ಚಿನೊಳಗಿದೆ. ಕರುವಿನ ಚರ್ಮದಿಂದ ಬರೆಯುವ ಹಾಳೆ ಮಾಡುತ್ತಿದ್ದ ಕುರುಹು ಸಿಕ್ಕ ಪಿಕ್ಟಿಶ್ ಮಠ ಪೋರ್ಟ್‌ಮಹೋಮ್ಯಾಕ್‌ನಲ್ಲಿ.

ಫರ್ನ್ ಸ್ಟೇಷನ್‌ನಲ್ಲಿ ರೈಲಿಳಿದರೆ ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಸಿಗುತ್ತಾ? ನಾಲ್ಕೂ ಒಂದೇ ದಿನಕ್ಕೆ ಆಗುತ್ತಾ? ನಿಗ್ ಚರ್ಚಿಗೆ ಮೊದಲೇ ಹೇಳಿ ಹೋಗಬೇಕಾ? ಶ್ಯಾಂಡ್‌ವಿಕ್‌ನ ಗಾಜು ಹೊಳೆಯದಂತೆ ಫೋಟೋ ತೆಗೆಯಲು ಬೆಳಿಗ್ಗೆ ಒಳ್ಳೇದೋ ಸಂಜೆಯೋ? ಹೋಗಿಬಂದವರು ತಿಳಿಸಿ, ಪ್ಲೀಸ್.