ಗಿರ್ಲು ಮೀನಿನ ಮರಿಗಳು ಹಗಲೆಲ್ಲ ಅಡಗಿರುತ್ತವೆ, ಊಟ ಮುಟ್ಟುವುದಿಲ್ಲ. ಸಾಕಿದವರು ಹೇಳಿ

ಹೋದ ವಾರ ನಮ್ಮೂರ ಕೆರೆ ಕೋಡಿ ಬಿದ್ದಿತ್ತು. ಮಗ ಅಲ್ಲಿಂದ ಮೂರು ಗಿರ್ಲು ಮರಿ ಹಿಡಿದು ತಂದು ಮನೆಯ ಅಕ್ವೇರಿಯಂಗೆ ಬಿಟ್ಟಿದ್ದಾನೆ. ಹಗಲೆಲ್ಲ ಫಿಲ್ಟರ್ ಹಿಂದೆ ಮುದುರಿಕೊಂಡಿರುತ್ತವೆ. ತೇಲುವ ಫಿಶ್ ಫುಡ್ ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಕಾಯಿಲೆ ಏನಾದರೂ ಬಂದಿದೆಯಾ?

ತೀರ್ಥಹಳ್ಳಿ ಕಡೆಯಿಂದ:
ಅಕ್ಕ, ಗಾಬರಿ ಬೇಡ. ಗಿರ್ಲು ರಾತ್ರಿ ಓಡಾಡುವ ಮೀನು. ಚಿಕ್ಕವರಿದ್ದಾಗ ನಾವು ಗದ್ದೆ ಪಕ್ಕದ ಹಳ್ಳದಲ್ಲಿ ಗಾಳ ಹಾಕುತ್ತಿದ್ದೆವು. ಮಧ್ಯಾಹ್ನ ಎಷ್ಟು ಹೊತ್ತು ಕೂತರೂ ಗಿರ್ಲು ಸಿಗುತ್ತಿರಲಿಲ್ಲ. ಮುಸ್ಸಂಜೆಗೆ ಎರೆಹುಳ ಸಿಕ್ಕಿಸಿ ತಳಕ್ಕೆ ಬಿಟ್ಟರೆ ಸಾಕು, ಒಂದರ ಹಿಂದೆ ಒಂದು ಕಚ್ಚುತ್ತಿದ್ದವು. ಅದೂ ಎಲ್ಲ ಕಡೆ ಅಲ್ಲ. ನೀರು ನಿಧಾನ ಇರಬೇಕು, ದಡದ ಮರದ ಬೇರು ನೀರಿಗಿಳಿದಿರಬೇಕು, ತಳದಲ್ಲಿ ಕೆಸರು, ಕೊಳೆತ ಎಲೆ ಇರಬೇಕು. ಅದರ ಬಾಯಿಯ ಸುತ್ತ ಎಂಟು ಮೀಸೆ ಇವೆ ನೋಡಿ. ಕತ್ತಲಲ್ಲಿ ಆ ಮೀಸೆಯಿಂದ ತಳ ತಡಕಿಯೇ ಹುಳ, ಸಣ್ಣ ಸೀಗಡಿ ಹುಡುಕಿ ತಿನ್ನುತ್ತದೆ. ಮೇಲೆ ತೇಲುವುದನ್ನು ಅದು ಯಾಕೆ ನೋಡಬೇಕು?

ನಮ್ಮ ಮನೆಯಲ್ಲೂ ಮೂರು ಗಿರ್ಲು ಇದ್ದಾಗ ನಾನು ಹೀಗೆ ಮಾಡಿದೆ. ಟ್ಯಾಂಕಿನ ಚೂಪು ಜಲ್ಲಿ ತೆಗೆದು, ಚೆನ್ನಾಗಿ ತೊಳೆದ ನಯವಾದ ಮರಳು ಹಾಕಿದೆ. ಚೂಪು ಕಲ್ಲಿಗೆ ಉಜ್ಜಿ ಉಜ್ಜಿ ಮೀಸೆ ಹಾಳಾಗುತ್ತದೆ. ಒಡೆದ ಮಡಕೆ ಚೂರು, ಒಂದು ಬೇರಿನ ತುಂಡು ಇಟ್ಟೆ. ಮೂರು ಮೀನಿದ್ದರೆ ಅಡಗುವ ಜಾಗ ನಾಲ್ಕಾದರೂ ಇರಲಿ, ಇಲ್ಲದಿದ್ದರೆ ಒಂದನ್ನೊಂದು ಅಟ್ಟಾಡಿಸುತ್ತವೆ. ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ಮುಳುಗುವ ಫುಡ್ ಮತ್ತು ಸಣ್ಣಗೆ ಹೆಚ್ಚಿದ ಎರೆಹುಳ ಹಾಕಿದೆ. ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೇ ರಾತ್ರಿ ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ ನೋಡಿದರೆ ಮೂರೂ ಮರಳಿನ ಮೇಲೆ ಮೀಸೆ ಆಡಿಸುತ್ತಾ ಓಡಾಡುತ್ತಿದ್ದವು. ಎಷ್ಟು ಖುಷಿಯಾಯಿತು ಗೊತ್ತಾ!

ಮೈಸೂರಿನಿಂದ:
ಜೊತೆಗೆ ಗಪ್ಪಿ, ಟೆಟ್ರಾದಂಥ ಸಣ್ಣ ಅಂಗಡಿ ಮೀನು ಇದ್ದರೆ ಇವತ್ತೇ ಬೇರೆ ಮಾಡಿ. ನನ್ನ ಆರು ಗಪ್ಪಿಯಲ್ಲಿ ವಾರದೊಳಗೆ ಎರಡೇ ಉಳಿದವು. ಮರಿ ಈಗ ಬೆರಳುದ್ದ ಇರಬಹುದು, ಪಟ್ಟೆ ಗಿರ್ಲು ಗೇಣುದ್ದದವರೆಗೂ ಬೆಳೆಯಬಲ್ಲದು. ಇನ್ನೊಂದು ವಿಷಯ, ಗಿರ್ಲಿಗೆ ಹುರುಪೆ ಇಲ್ಲ. ಬೇರೆ ಮೀನಿಗೆ ಹಾಕುವಷ್ಟೇ ಔಷಧಿ, ಉಪ್ಪು ಇದಕ್ಕೆ ಜಾಸ್ತಿಯಾಗುತ್ತದೆ. ಕಾಯಿಲೆ ಅಂದುಕೊಂಡು ಸುಮ್ನೆ ಏನೂ ಸುರಿಯಬೇಡಿ.

ಹಿಡಿಯುವಾಗ ಬಲೆ ಬೇಡ. ಬೆನ್ನಿನ ಮುಳ್ಳು, ಪಕ್ಕದ ಗರಗಸದಂಥ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸಲು ಆಗುವುದಿಲ್ಲ. ಡಬ್ಬಿಯಲ್ಲಿ ಎತ್ತಿ. ಮಗನಿಗೆ ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಇಡಿಸಿ. ಊತ ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಿ.

ಮಂಡ್ಯ ಹತ್ತಿರದ ಹಳ್ಳಿಯಿಂದ:
ಟ್ಯಾಂಕ್ ಚಿಕ್ಕದಾದರೆ ವಾಪಸ್ ಬಿಡೋಣ ಅನ್ನಿಸುತ್ತದೆ, ಅಲ್ವಾ? ಅಂಗಡಿ ಮೀನಿನ ಜೊತೆ ಇಟ್ಟಿದ್ದರೆ ಮಾತ್ರ ಬಿಡಬೇಡಮ್ಮ. ಅಲ್ಲಿನ ರೋಗ ಕೆರೆಗೆ ಹೋಗಬಹುದು. ದೊಡ್ಡ ಟ್ಯಾಂಕ್ ಇರುವವರಿಗೆ ಕೊಡು.

ನಮ್ಮೂರ ಕೆರೆಯಲ್ಲಿ ದಡದ ಜೊಂಡು ಕಿತ್ತು ಸುತ್ತ ಕಲ್ಲು ಕಟ್ಟಿದರು. ನೋಡಲು ಚೆಂದವೇ. ಆದರೆ ಗಿರ್ಲು ಹಗಲು ಎಲ್ಲಿ ಅಡಗಬೇಕು? ಮೊದಲು ಮಳೆ ಬಂದ ಕೂಡಲೇ ಗದ್ದೆ ಕಾಲುವೆಗೆ ಹತ್ತುತ್ತಿದ್ದವು. ಈಗ ನೋಡಿ ವರ್ಷಗಳೇ ಆದವು. ನಿಮ್ಮ ಕೆರೆ ಅಂಚಲ್ಲಿ ಇನ್ನೂ ಜೊಂಡು ಇದೆಯಾ?